ಕೈ ಕೆಸರು, ಬಾಯಿ ಮೊಸರು: ಅನ್ನಕ್ಕೆ ಹಾಕುವ ದುಡಿಮೆಯ ಷರತ್ತು



ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಇರಲಾರರು. ದುಡಿದವನಿಗೆ ಉಣ್ಣಲು ಸಿಗುತ್ತದೆ ಎಂದು ಅದು ಭರವಸೆ ಕೊಡುತ್ತದೆ. ದುಡಿಯದವನಿಗೆ ಉಣ್ಣಲು ಕೊಡಬಾರದು ಎಂದೂ ಅದು ಹೇಳುತ್ತದೆಯೇ? ಹಾಗೆ ಅರ್ಥ ಮಾಡುವವರು ನಮ್ಮಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ಆ ಅರ್ಥವನ್ನು ಕಾನೂನಿನ ಕಲಮಾಗಿಯೇ ಬರೆದುಕೊಂಡು, ನಡುವೆ ಒಂದೆರಡು ಬಿಡುವುಗಳನ್ನು ಬಿಟ್ಟರೆ, ಸುಮಾರು ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ದೇಶ ಅಮೆರಿಕ. ಅಲ್ಲಿ ಬಡವರಿಗೆ ಸರ್ಕಾರ ಕೊಡುವ ಆಹಾರ ನೆರವಿಗೆ ದುಡಿಮೆಯ ಷರತ್ತು ಇದೆ. 2025ರಲ್ಲಿ ಆ ಷರತ್ತು ಹಿಂದೆಂದೂ ಇಲ್ಲದಷ್ಟು ಬಿಗಿಯಾಗಿದೆ.

ಆ ಷರತ್ತು ಹುಟ್ಟಿದ್ದು ಹೇಗೆ, ಅದರ ಪರವಾಗಿ ಹೇಳಬಹುದಾದದ್ದು ಏನು, ಜಾರಿಗೆ ಬಂದಾಗ ಅದು ಮಾಡುವುದೇನು ಎಂಬುದನ್ನು ನಿಮ್ಮ ಮುಂದೆ ಇಡುವುದು ನನ್ನ ಉದ್ದೇಶ. ನಡುವೆ ನಮ್ಮ ನಾಡಿನ ಒಂದು ಬರಗಾಲವೂ ಶರಣರ ಕಾಯಕದ ವಿಚಾರವೂ ಬರುತ್ತವೆ. ಅಮೆರಿಕದ ಪ್ರಶ್ನೆಯನ್ನು ನಾವು ಆಗಲೇ ಒಮ್ಮೆ ಎದುರಿಸಿದವರು ಎಂಬುದೇ ಅದಕ್ಕೆ ಕಾರಣ.

1. ಚೀಟಿಯಿಂದ ಕಾರ್ಡಿಗೆ

ಅಮೆರಿಕದ ಆಹಾರ ಚೀಟಿ ಮೊದಲು ಚಲಾವಣೆಗೆ ಬಂದದ್ದು 1939ರ ಮೇ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ. ಆರ್ಥಿಕ ಮಹಾಕುಸಿತದ ಕೊನೆಯ ವರ್ಷಗಳು ಅವು. ರೈತರ ಬೆಳೆಗೆ ಕೊಳ್ಳುವವರಿರಲಿಲ್ಲ. ಪಟ್ಟಣಗಳ ನಿರುದ್ಯೋಗಿಗಳ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ನೆರವಿನ ಪಟ್ಟಿಯಲ್ಲಿದ್ದ ಕುಟುಂಬ ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ, ಅರ್ಧ ಡಾಲರ್ ಬೆಲೆಯ ನೀಲಿ ಚೀಟಿ ಪುಕ್ಕಟೆಯಾಗಿ ಸಿಗುತ್ತಿತ್ತು. ಕಿತ್ತಳೆ ಚೀಟಿಗೆ ಬೇಕಾದ ಆಹಾರ ಕೊಳ್ಳಬಹುದಿತ್ತು. ನೀಲಿ ಚೀಟಿಗೆ ಮಾತ್ರ, ಮಾರುಕಟ್ಟೆಯಲ್ಲಿ ಮಿಕ್ಕಿದೆ ಎಂದು ಸರ್ಕಾರ ಸಾರಿದ ಪದಾರ್ಥಗಳಷ್ಟೇ. ಹಸಿದವರ ಹೊಟ್ಟೆಯ ಜೊತೆಗೆ ರೈತನ ಕಣಜವೂ ಆ ಯೋಜನೆಯ ಲೆಕ್ಕದಲ್ಲಿತ್ತು ಎಂಬುದನ್ನು ಗಮನಿಸಬೇಕು.

ಯುದ್ಧ ಬಂದು ಮಿಕ್ಕ ಧಾನ್ಯವೂ ನಿರುದ್ಯೋಗವೂ ಇಲ್ಲವಾದಾಗ, 1943ರಲ್ಲಿ, ಯೋಜನೆ ನಿಂತಿತು. 1961ರಲ್ಲಿ ಅಧ್ಯಕ್ಷ ಕೆನಡಿ ಅದನ್ನು ಪ್ರಯೋಗವಾಗಿ ಮತ್ತೆ ತಂದರು. 1964ರಲ್ಲಿ ಜಾನ್ಸನ್ ಅವರ ಸಹಿಯೊಂದಿಗೆ ಅದು ಶಾಶ್ವತ ಕಾಯ್ದೆಯಾಯಿತು. ಚೀಟಿಗೆ ಕೈಯಿಂದ ದುಡ್ಡು ಕೊಡಬೇಕೆಂಬ ನಿಯಮವನ್ನು 1977ರ ಕಾಯ್ದೆ ತೆಗೆದುಹಾಕಿತು. ಕಡುಬಡವರು ಒಳಗೆ ಬರಲು ಸಾಧ್ಯವಾದದ್ದು ಆಮೇಲೆಯೇ. ಕಾಲಕ್ರಮದಲ್ಲಿ ಕಾಗದದ ಚೀಟಿ ಹೋಗಿ ಬ್ಯಾಂಕಿನದರಂಥ ಕಾರ್ಡು ಬಂತು. 2008ರಲ್ಲಿ ಹೆಸರೂ ಬದಲಾಗಿ ‘ಪೂರಕ ಪೋಷಣಾ ನೆರವು ಕಾರ್ಯಕ್ರಮ’ ಎಂದಾಯಿತು. ಜನರ ಬಾಯಲ್ಲಿ ಅದು ‘ಸ್ನ್ಯಾಪ್’. 2024ರಲ್ಲಿ ಸುಮಾರು 4.2 ಕೋಟಿ ಜನ, ಎಂದರೆ ಅಮೆರಿಕದ ಪ್ರತಿ ಎಂಟು ಮಂದಿಯಲ್ಲಿ ಒಬ್ಬರು, ಈ ನೆರವು ಪಡೆಯುತ್ತಿದ್ದರು. ಅವರಲ್ಲಿ ಐವರಿಗೆ ಇಬ್ಬರಂತೆ ಮಕ್ಕಳು. ತಲೆಗೆ ಸಿಗುತ್ತಿದ್ದದ್ದು ಸರಾಸರಿ ತಿಂಗಳಿಗೆ 187 ಡಾಲರ್, ದಿನಕ್ಕೆ ಆರು ಡಾಲರ್ ಚಿಲ್ಲರೆ.

2. ಷರತ್ತು ಬಂದ ಬಗೆ

ಕೆಲಸಕ್ಕೆ ಹೆಸರು ನೋಂದಾಯಿಸಬೇಕು, ಸಿಕ್ಕ ಕೆಲಸವನ್ನು ಸಕಾರಣವಿಲ್ಲದೆ ಬಿಡಬಾರದು ಎಂಬ ಸಾಮಾನ್ಯ ನಿಯಮ 1970ರ ದಶಕದ ಆರಂಭದಿಂದಲೇ ಇತ್ತು. ನಿಜವಾದ ತಿರುವು 1996ರದು. ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾಯ್ದೆ ಹೊಸದೊಂದು ವರ್ಗವನ್ನು ಹುಟ್ಟಿಸಿತು: ಅವಲಂಬಿತರಿಲ್ಲದ, ಮೈಗಟ್ಟಿಯಿರುವ ವಯಸ್ಕರು. ಇವರು 18ರಿಂದ 49ರ ವಯಸ್ಸಿನವರು. ಇವರು ತಿಂಗಳಿಗೆ 80 ಗಂಟೆ ದುಡಿಯಬೇಕು, ಇಲ್ಲವೇ ಅಷ್ಟು ಹೊತ್ತು ಮಾನ್ಯ ತರಬೇತಿಯಲ್ಲಿ ಇರಬೇಕು. ಇಲ್ಲದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ನೆರವು. 36 ತಿಂಗಳಲ್ಲಿ 3 ತಿಂಗಳ ಅನ್ನ, ಮಿಕ್ಕ 33 ತಿಂಗಳು ಅವರ ಪಾಡು ಅವರಿಗೆ.

ಆ ಕಾಯ್ದೆಯಲ್ಲಿ ಒಂದು ಕಿಂಡಿಯೂ ಇತ್ತು. ನಿರುದ್ಯೋಗ ಶೇ. 10 ಮೀರಿದ ಪ್ರದೇಶಕ್ಕೆ, ಅಥವಾ ಸಾಕಷ್ಟು ಕೆಲಸಗಳೇ ಇಲ್ಲವೆಂದು ತೋರಿಸಿಕೊಟ್ಟ ಪ್ರದೇಶಕ್ಕೆ, ರಾಜ್ಯ ಸರ್ಕಾರ ವಿನಾಯಿತಿ ಕೇಳಬಹುದಿತ್ತು. 2009ರ ಆರ್ಥಿಕ ಹಿಂಜರಿತದಲ್ಲಿ, ಮತ್ತೆ 2020ರ ಕೊರೊನಾ ಕಾಲದಲ್ಲಿ, ಷರತ್ತನ್ನೇ ಅಮಾನತಿನಲ್ಲಿಟ್ಟರು. ಕೆಲಸವಿಲ್ಲದ ಕಾಲದಲ್ಲಿ ಕೆಲಸದ ಷರತ್ತು ನಿಲ್ಲದು ಎಂಬುದನ್ನು ಅದನ್ನು ಬರೆದವರೇ ಒಪ್ಪಿದ್ದರು ಎಂದಾಯಿತು.

ಆಮೇಲಿನ ನಡಿಗೆ ಬಿಗಿಯ ಕಡೆಗೆ. 2023ರಲ್ಲಿ, ಸರ್ಕಾರದ ಸಾಲದ ಮಿತಿಯ ಬಗ್ಗೆ ನಡೆದ ರಾಜಿಯ ಭಾಗವಾಗಿ, ವಯೋಮಿತಿಯನ್ನು ಹಂತಹಂತವಾಗಿ 54ಕ್ಕೆ ಏರಿಸಿದರು. ಅದಕ್ಕೆ ಪ್ರತಿಯಾಗಿ ಮನೆಯಿಲ್ಲದವರಿಗೆ, ಮಾಜಿ ಸೈನಿಕರಿಗೆ, ಸರ್ಕಾರದ ಪೋಷಣೆಯಲ್ಲಿ ಬೆಳೆದ ಎಳೆಯರಿಗೆ ವಿನಾಯಿತಿ ಕೊಟ್ಟರು. ಎರಡೇ ವರ್ಷದಲ್ಲಿ, 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯ್ದೆ ಆ ಮೂರೂ ವಿನಾಯಿತಿಗಳನ್ನು ಹಿಂದಕ್ಕೆ ಪಡೆಯಿತು. ವಯೋಮಿತಿ 64ಕ್ಕೆ ಏರಿತು. ಮನೆಯಲ್ಲಿರುವ ಮಗುವಿಗೆ 14 ತುಂಬಿದರೆ ತಂದೆತಾಯಿಗೂ ಷರತ್ತು ಅನ್ವಯವಾಯಿತು. ‘ಸಾಕಷ್ಟು ಕೆಲಸಗಳಿಲ್ಲ’ ಎಂಬ ಕಾರಣವನ್ನು ಬಹುಪಾಲು ಕಡೆ ಕಿತ್ತುಹಾಕಿ, ಶೇ. 10ರ ನಿರುದ್ಯೋಗವೊಂದನ್ನೇ ಉಳಿಸಿದರು. ಈ ಬದಲಾವಣೆಗಳಿಂದ ಸರಾಸರಿ ತಿಂಗಳೊಂದರಲ್ಲಿ ನೆರವು ಪಡೆಯುವವರ ಸಂಖ್ಯೆ ಸುಮಾರು 24 ಲಕ್ಷ ಇಳಿಯುತ್ತದೆ ಎಂದು ಅಲ್ಲಿನ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿದೆ.

3. ಷರತ್ತಿನ ಪರವಾದ ಮಾತು

ಎದುರು ಪಕ್ಷದ ವಾದವನ್ನು ಅದರ ಬಲವಾದ ರೂಪದಲ್ಲೇ ಎತ್ತಿಕೊಳ್ಳಬೇಕು. ಷರತ್ತು ಬೇಕು ಎನ್ನುವವರೆಲ್ಲ ಬಡವರ ದ್ವೇಷಿಗಳಲ್ಲ. ಲಾರೆನ್ಸ್ ಮೀಡ್ ಎಂಬ ರಾಜ್ಯಶಾಸ್ತ್ರಜ್ಞರು 1980ರ ದಶಕದಲ್ಲಿ ಮಂಡಿಸಿದ ವಿಚಾರ ಇದರ ತಳಪಾಯ. ಅವರ ದೃಷ್ಟಿಯಲ್ಲಿ ಪೌರತ್ವ ಹಕ್ಕುಗಳ ಗಂಟು ಮಾತ್ರವಲ್ಲ, ಬಾಧ್ಯತೆಯೂ ಹೌದು. ನಾಗರಿಕನಿಂದ ಏನನ್ನೂ ನಿರೀಕ್ಷಿಸದ ಸರ್ಕಾರ ಅವನನ್ನು ಸಮಾನನೆಂದು ಕಾಣುತ್ತಿಲ್ಲ, ಕೈಲಾಗದವನೆಂದು ಬದಿಗೆ ಸರಿಸುತ್ತಿದೆ. ಬೆಳಗಿನ ಜಾವ ಎದ್ದು ಕಡಿಮೆ ಸಂಬಳದ ಕೆಲಸಕ್ಕೆ ಓಡುವವನು, ತನ್ನ ತೆರಿಗೆಯ ಹಣದಿಂದ ಪಕ್ಕದ ಮನೆಯವನು ಕೂತು ಉಣ್ಣುತ್ತಿದ್ದಾನೆಂದು ಭಾವಿಸಿದರೆ, ಇಡೀ ಯೋಜನೆಯ ಮೇಲೆಯೇ ಜನರ ನಂಬಿಕೆ ಹೋಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮ ಹಿರಿಯರ ಮಾತಿಗೂ ಈ ವಾದಕ್ಕೂ ದೂರವಿಲ್ಲ.

ಅನುಭವದ ಆಧಾರವನ್ನೂ ಅವರು ಕೊಡುತ್ತಾರೆ. 1996ರ ಕಾಯ್ದೆ ನಗದು ನೆರವಿಗೂ ಷರತ್ತು ಹಾಕಿತ್ತು. ನಂತರದ ವರ್ಷಗಳಲ್ಲಿ ಒಂಟಿ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದ್ದು ನಿಜ. ಆ ನಗದು ನೆರವಿನ ಜೊತೆ ಮಕ್ಕಳ ಪಾಲನೆಗೆ ಹಣ ಮತ್ತು ಕೆಲಸ ಹುಡುಕಲು ಸಹಾಯ ಇದ್ದವು. ದುಡಿಯುವ ಬಡವರಿಗೆ ತೆರಿಗೆ ಮರುಪಾವತಿ ಹೆಚ್ಚಿತ್ತು. ದೇಶದ ಆರ್ಥಿಕತೆಯೂ ಏರುಗತಿಯಲ್ಲಿತ್ತು. ಗದ್ದೆಗೆ ನೀರು ಬಿಟ್ಟು, ಬೀಜ ಕೊಟ್ಟು, ಆಮೇಲೆ ಕೈ ಕೆಸರು ಮಾಡಿಕೋ ಎಂದಂತೆ ಅದು. ಆಹಾರ ನೆರವಿನ ಷರತ್ತಿಗೆ ಆ ಬೆಂಬಲವಿಲ್ಲ. ಷರತ್ತಿಗೆ ಒಳಪಟ್ಟ ವ್ಯಕ್ತಿಗೆ ಕೆಲಸವನ್ನಾಗಲೀ ತರಬೇತಿಯ ಜಾಗವನ್ನಾಗಲೀ ಕೊಡಲೇಬೇಕೆಂದು ಕಾಯ್ದೆ ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ಕೊಡುತ್ತೇವೆಂದು ಮಾತು ಕೊಟ್ಟ ರಾಜ್ಯಗಳು ಕೆಲವೇ.

ಇನ್ನೊಂದು ಸಂಗತಿ ಈ ವಾದದಲ್ಲಿ ಮರೆಯಾಗುತ್ತದೆ. ದುಡಿಯಲು ಬೇಕಾದ ಪ್ರೇರಣೆ ನೆರವಿನ ಲೆಕ್ಕದೊಳಗೇ ಇದೆ. ಸಂಪಾದಿಸಿದ ಪ್ರತಿ ಡಾಲರಿನಲ್ಲಿ ಐದನೇ ಒಂದು ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಿಕ್ಕದ್ದರಲ್ಲಿ ಸುಮಾರು ಶೇ. 30ರಷ್ಟು ಮಾತ್ರ ನೆರವಿನಿಂದ ಕಡಿತವಾಗುತ್ತದೆ. ಡಾಲರ್ ಸಂಪಾದಿಸಿದರೆ ಸಾಮಾನ್ಯವಾಗಿ 24ರಿಂದ 36 ಸೆಂಟಿನಷ್ಟು ನೆರವು ಇಳಿಯಬಹುದು, ಮಿಕ್ಕದ್ದು ಕೈಯಲ್ಲುಳಿಯುತ್ತದೆ. ದಿನಕ್ಕೆ ಆರು ಡಾಲರಿನ ದಿನಸಿಯಿಂದ ಬಾಡಿಗೆ ಕಟ್ಟಲಾಗದು, ಬಸ್ಸು ಹತ್ತಲಾಗದು, ಸೋಪನ್ನೂ ಕೊಳ್ಳಲಾಗದು. ಅಷ್ಟನ್ನು ನಂಬಿ ಒಬ್ಬ ಮನುಷ್ಯ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾನೆಂಬುದು, ಬಡತನದ ಲೆಕ್ಕವನ್ನು ಎಂದೂ ಹಾಕದವರ ಕಲ್ಪನೆ.

4. ಎಪ್ಪತ್ತೊಂಬತ್ತು ಗಂಟೆ

ಈಗ ಷರತ್ತನ್ನು ಹತ್ತಿರದಿಂದ ನೋಡೋಣ. ಒಂದು ಗೋದಾಮಿನಲ್ಲಿ ಗಂಟೆ ಲೆಕ್ಕದ ಕೂಲಿಯವನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಪಾಳಿಯನ್ನು ನಿರ್ಧರಿಸುವುದು ಅವನಲ್ಲ, ಆ ವಾರ ಬಂದ ಸರಕು. ಮೊದಲ ಮೂರು ವಾರ ಅವನಿಗೆ 25 ಗಂಟೆಯಂತೆ ಕೆಲಸ ಸಿಕ್ಕಿತು: 75 ಗಂಟೆ. ನಾಲ್ಕನೇ ವಾರ ಸರಕು ಕಡಿಮೆ, ಒಂದೇ ಅರ್ಧ ಪಾಳಿ, 4 ಗಂಟೆ. ಒಟ್ಟು 79. ಮೈಗಳ್ಳತನ ಮಾಡಲಿಲ್ಲ, ಕರೆದ ದಿನವೆಲ್ಲ ಹೋಗಿದ್ದಾನೆ. ಆದರೂ ಆ ತಿಂಗಳು ಅವನ ಖಾತೆಯಲ್ಲಿ ದುಡಿಯದ ತಿಂಗಳು. ಮೂರು ವರ್ಷದಲ್ಲಿ ಇಂಥ ಮೂರು ತಿಂಗಳು ಬಂದರೆ ಕಾರ್ಡಿಗೆ ಹಣ ಬೀಳುವುದು ನಿಲ್ಲುತ್ತದೆ.

ಗಂಟೆ ತುಂಬಿದರೂ ಕೆಲಸ ಮುಗಿಯಲಿಲ್ಲ. ತುಂಬಿದೆ ಎಂದು ತೋರಿಸಬೇಕು. ಸಂಬಳದ ಚೀಟಿ ಬೇಕು, ಮಾಲೀಕನ ಪತ್ರ ಬೇಕು. ತೋಟ ಕತ್ತರಿಸುವವನಿಗೆ, ಮನೆಗೆಲಸದವಳಿಗೆ, ಗುಜರಿ ಆಯುವವನಿಗೆ ಪತ್ರ ಬರೆದುಕೊಡುವವರು ಯಾರು? ಬೆನ್ನು ನೋವಿನವನಿಗೆ ವಿನಾಯಿತಿ ಇದೆ, ಆದರೆ ವೈದ್ಯರ ಪ್ರಮಾಣಪತ್ರಕ್ಕೆ ಮೊದಲು ವೈದ್ಯರು ಸಿಗಬೇಕು. ರಸ್ತೆಬದಿಯಲ್ಲಿ ಮಲಗುವವನಿಗೆ ಕಚೇರಿಯ ನೋಟಿಸು ಯಾವ ವಿಳಾಸಕ್ಕೆ ಹೋಗುತ್ತದೆ? ಕೈಗೆ ಕೆಸರಾಗಿದೆಯೇ ಎಂದು ಕೇಳಬೇಕಾದ ಕಾನೂನು, ಕೆಸರಾಗಿದೆ ಎಂಬುದಕ್ಕೆ ಕಾಗದ ಇದೆಯೇ ಎಂದು ಕೇಳುತ್ತದೆ.

ಇದು ನನ್ನ ಊಹೆಯ ಮಾತಲ್ಲ. ವರ್ಜೀನಿಯಾ ರಾಜ್ಯದ ಸರ್ಕಾರಿ ದಾಖಲೆಗಳನ್ನು ಆಧರಿಸಿ ಅರ್ಥಶಾಸ್ತ್ರಜ್ಞರ ತಂಡವೊಂದು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಷರತ್ತಿಗೆ ಒಳಪಟ್ಟವರಲ್ಲಿ ನೆರವು ಪಡೆಯುವವರ ಪ್ರಮಾಣ ಅರ್ಧಕ್ಕಿಂತ ಹೆಚ್ಚು, ಶೇ. 53ರಷ್ಟು, ಕುಸಿದಿತ್ತು. ಕೆಲಸಕ್ಕೆ ಸೇರಿದವರ ಸಂಖ್ಯೆಯಲ್ಲಿ ಗುರುತಿಸಬಹುದಾದ ಏರಿಕೆ ಕಾಣಲಿಲ್ಲ. ಮನೆಯಿಲ್ಲದವರು ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಉದುರಿಹೋಗಿದ್ದರು.

ಅರ್ಕನ್ಸಾ ರಾಜ್ಯ 2018ರಲ್ಲಿ ಇದೇ 80 ಗಂಟೆಯ ಷರತ್ತನ್ನು ಬಡವರ ಆರೋಗ್ಯ ವಿಮೆಗೆ ಹಾಕಿತು. ಮೊದಲ ತಿಂಗಳುಗಳಲ್ಲಿ ಗಂಟೆಗಳನ್ನು ವರದಿ ಮಾಡಲು ಇದ್ದ ದಾರಿ ಒಂದೇ, ಸರ್ಕಾರದ ಜಾಲತಾಣ. ಆ ಜಾಲತಾಣ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲಿಡೀ ದುಡಿದು ರಾತ್ರಿ ಮನೆಗೆ ಬಂದವನು, ದುಡಿದೆ ಎಂದು ಹೇಳಿಕೊಳ್ಳಲು ಹೋದರೆ ಬಾಗಿಲು ಹಾಕಿತ್ತು. ನ್ಯಾಯಾಲಯ ತಡೆಯುವ ಹೊತ್ತಿಗೆ ಸುಮಾರು 18,000 ಜನ ವಿಮೆ ಕಳೆದುಕೊಂಡಿದ್ದರು. ಷರತ್ತಿನ ಗುರಿಯಾಗಿದ್ದವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಅದನ್ನು ಆಗಲೇ ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು ಎಂದು ಆಮೇಲಿನ ಸಂಶೋಧನೆ ತೋರಿಸಿತು.

ನನ್ನ ಮುಖ್ಯ ಮಾತು ಇಲ್ಲಿದೆ. ಈ ಷರತ್ತಿನಲ್ಲಿ ದುಡಿಮೆ ದುಡಿಮೆಯಾಗಿ ಉಳಿದಿಲ್ಲ, ಜರಡಿಯಾಗಿದೆ. ಆ ಜರಡಿ ಸೋಮಾರಿಯನ್ನು ಹಿಡಿಯುವುದಿಲ್ಲ. ಕಾಗದ ಹೊಂದಿಸಲಾಗದವನನ್ನು ಹೊರಗೆ ಚೆಲ್ಲುತ್ತದೆ.

5. ಧಾತು ಈಶ್ವರ ಬರ

ಈ ಜರಡಿ ಹೊಸದಲ್ಲ. 1834ರಲ್ಲಿ ಇಂಗ್ಲೆಂಡ್ ತನ್ನ ಬಡವರ ಕಾನೂನನ್ನು ತಿದ್ದಿ ಬರೆದಾಗ, ನೆರವು ಬೇಕಾದವನು ದುಡಿಮನೆಗೆ ಬಂದು ಸೇರಬೇಕೆಂದು ಹೇಳಿತು. ದುಡಿಮನೆಯ ಬದುಕು ಹೊರಗಿನ ಅತಿ ಕೀಳು ಕೂಲಿಯ ಬದುಕಿಗಿಂತ ಹೀನವಾಗಿಯೇ ಇರಬೇಕು. ಹಾಗಿದ್ದರೂ ಬರುವವನು ನಿಜವಾದ ಬಡವ ಎಂಬುದು ಅದರ ತರ್ಕ. ಕೆಲಸ ಮಾಡಿಸುವುದರಲ್ಲಿ ಸರ್ಕಾರಕ್ಕೆ ಆಸಕ್ತಿಯಿರಲಿಲ್ಲ. ಹಸಿವು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದೇ ಉದ್ದೇಶ.

ಆ ತರ್ಕ ಹಡಗು ಹತ್ತಿ ನಮ್ಮ ನಾಡಿಗೂ ಬಂತು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಳೇ ಮೈಸೂರಿನ ಜನ ಸಂವತ್ಸರಗಳ ಹೆಸರಿನಲ್ಲೇ ನೆನಪಿಟ್ಟುಕೊಂಡರು: ಧಾತು ಈಶ್ವರ ಬರ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಮೊದಲಿಗೆ ತತ್ತರಿಸಿದ ಜಿಲ್ಲೆಗಳಲ್ಲಿ ಒಂದು. ಕ್ಷಾಮದ ಖರ್ಚಿಗೆ ಕಡಿವಾಣ ಹಾಕಲು 1877ರ ಆರಂಭದಲ್ಲಿ ವೈಸ್‌ರಾಯ್ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆದು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಎಂದರೆ ಸುಮಾರು 450 ಗ್ರಾಂ, ಜೊತೆಗೆ ಚಿಲ್ಲರೆ ಕಾಸು ಸಾಕೆಂದು ಅವರು ಗೊತ್ತುಮಾಡಿದರು. ಕೆಲಸದ ಜಾಗ ಮನೆಯಿಂದ ದೂರವಿರಬೇಕೆಂಬ ನಿಯಮವೂ ಇತ್ತು. ಅಷ್ಟು ದೂರ ನಡೆದು ಬರುವವನು ಮಾತ್ರ ನಿಜವಾಗಿ ಹಸಿದವನಂತೆ. ಆ ಕೂಲಿಗೆ ಟೆಂಪಲ್ ಕೂಲಿ ಎಂದೇ ಹೆಸರು ನಿಂತಿತು. ದುಡಿಯುವ ದೇಹಕ್ಕೆ ಅಷ್ಟು ಕಾಳು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ವಿಲಿಯಂ ಕಾರ್ನಿಷ್ ಸರ್ಕಾರದ ಒಳಗಿದ್ದುಕೊಂಡೇ ಪ್ರತಿಭಟಿಸಿದರು. ಕೆಲವೇ ತಿಂಗಳಲ್ಲಿ ಪಡಿತರವನ್ನು ಸ್ವಲ್ಪ ಏರಿಸಬೇಕಾಯಿತು.

ಹಸಿದು ಸೊರಗಿದವನಿಗೆ ಮೊದಲು ಗಂಜಿ ಬೇಕು, ಗುದ್ದಲಿ ಆಮೇಲೆ ಎಂಬುದನ್ನು ನಮ್ಮ ಹಳ್ಳಿಯ ಯಾವ ಒಕ್ಕಲಿಗನೂ ಬಲ್ಲ. ಉಳುಮೆಯ ದಿನ ಅವನು ಆಳಿಗೆ ಮೊದಲು ಅಂಬಲಿ ಕುಡಿಸಿ ಆಮೇಲೆ ನೇಗಿಲು ಹಿಡಿಸುತ್ತಾನೆ. ಆ ತಿಳಿವಳಿಕೆ ಕಡತಗಳಲ್ಲಿ ಇರಲಿಲ್ಲ. ಆಗ ಬ್ರಿಟಿಷ್ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ಮೀರಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದೊಳಗೆ ಇಳಿದಿತ್ತು. ಅಷ್ಟೂ ಸಾವಿಗೆ ಕೂಲಿಯ ಷರತ್ತೊಂದೇ ಕಾರಣವೆಂದು ಹೇಳಲಾರೆ. ಮಳೆಯೂ ಬೆಲೆಯೂ ರೋಗವೂ ಸೇರಿದ್ದವು. ಆದರೆ ದುಡಿಯಲಾರದವರಿಗೆ ಕೆಲಸ ಕೇಳದೆ ಊರಲ್ಲೇ ಅನ್ನ ಕೊಡಬೇಕು, ದುಡಿಯುವವರಿಗೆ ಬದುಕಲು ಸಾಕಾಗುವ ಕೂಲಿ ಕೊಡಬೇಕು ಎಂದು 1880ರ ಕ್ಷಾಮ ಆಯೋಗ ಬರೆದದ್ದು ಆ ಹೆಣಗಳ ರಾಶಿಯನ್ನು ಕಂಡ ಮೇಲೆ.

6. ಕಾಯಕ ಯಾರಿಗೆ ಹೇಳಿದ ಮಾತು?

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ದುಡಿಮೆಯನ್ನೇ ದೈವವೆಂದ ಶರಣರ ನಾಡು ಇದು. ದುಡಿಯದೆ ಉಣ್ಣಬಾರದೆಂದು ಕಾಯಕ ತತ್ವವೇ ಹೇಳುವುದಿಲ್ಲವೇ? ಹೇಳುತ್ತದೆ. ಆದರೆ ಯಾರಿಗೆ ಹೇಳುತ್ತದೆ ಎಂಬುದನ್ನು ನೋಡಬೇಕು. ಹನ್ನೆರಡನೇ ಶತಮಾನದ ಶರಣರು ಕಾಯಕವನ್ನು ತಮ್ಮ ಮೇಲೆ ತಾವೇ ಹಾಕಿಕೊಂಡರು. ಕಾಯಕ ತನಗೆ, ದಾಸೋಹ ಪರರಿಗೆ. ಬೇರೆಯವರ ಎಲೆಗೆ ಬಡಿಸುವ ಮುನ್ನ ಅವರ ಕಾಯಕದ ಲೆಕ್ಕ ಕೇಳುವುದು ದಾಸೋಹವಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಬಿದ್ದ ಅಕ್ಕಿ ಆಯುವುದು ಅವರ ಕಾಯಕ. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈ ಕಥೆಯಲ್ಲಿ ಪರೀಕ್ಷೆಗೆ ಒಳಗಾದವನು ಹಿಡಿ ಅಕ್ಕಿ ಇಲ್ಲದವನಲ್ಲ, ಹೆಚ್ಚು ತಂದವನು. ನಮ್ಮ ಪರಂಪರೆಯ ದುಡಿಮೆಯ ನೀತಿ ಮೊದಲು ಪ್ರಶ್ನಿಸಿದ್ದು ದುರಾಸೆಯನ್ನು. ಬಡವನ ಬಟ್ಟಲಿಗೆ ಷರತ್ತು ಹಾಕಲು ಕಾಯಕದ ಹೆಸರನ್ನು ಬಳಸುವುದು ಆ ನೀತಿಯನ್ನು ತಲೆಕೆಳಗು ಮಾಡಿದಂತೆ.

ದುಡಿಮೆಯನ್ನೂ ಅನ್ನವನ್ನೂ ಕಾನೂನಿನಲ್ಲಿ ಜೋಡಿಸುವ ಇನ್ನೊಂದು ದಾರಿ ಭಾರತದಲ್ಲೇ ಇತ್ತು. 1972ರ ಸುಮಾರಿನ ಬರದಲ್ಲಿ ಮಹಾರಾಷ್ಟ್ರ ಆರಂಭಿಸಿದ ಉದ್ಯೋಗ ಖಾತರಿಯ ಯೋಚನೆಯೇ ಮುಂದೆ 2005ರ ರಾಷ್ಟ್ರೀಯ ಕಾಯ್ದೆಯಾಯಿತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಜಾರಿಯಲ್ಲಿ ಅದಕ್ಕೆ ನೂರು ತೊಡಕು ಇದ್ದವು. ಭತ್ಯೆ ಕೈಗೆ ಬಂದವರು ವಿರಳ. ಆದರೂ ಬಾಧ್ಯತೆ ಯಾರ ಹೆಗಲ ಮೇಲಿತ್ತು ನೋಡಿ. ಅಮೆರಿಕದ ಕಾನೂನು ಬಡವನಿಗೆ ‘ಕೆಲಸ ತೋರಿಸು’ ಎನ್ನುತ್ತದೆ. ಇಲ್ಲಿನ ಕಾನೂನು ಬಡವನ ಬಾಯಿಂದ ಸರ್ಕಾರಕ್ಕೆ ‘ಕೆಲಸ ತೋರಿಸು’ ಎನ್ನಿಸಿತು. ಕೈ ಕೆಸರಾಗಬೇಕಾದರೆ ಗದ್ದೆ ಬೇಕು. ಗದ್ದೆ ತೋರಿಸುವ ಹೊಣೆ ಹೊತ್ತ ಸರ್ಕಾರಕ್ಕೆ ಮಾತ್ರ ಕೈ ನೋಡುವ ಅಧಿಕಾರ.

7. ನಮಗೆ ಇದರಲ್ಲೇನು?

2013ರ ಆಹಾರ ಭದ್ರತಾ ಕಾಯ್ದೆ ತಲೆಗೆ 5 ಕಿಲೋ ಧಾನ್ಯದ ಹಕ್ಕನ್ನು ಕೊಟ್ಟಾಗ ದುಡಿಮೆಯ ಷರತ್ತು ಹಾಕಲಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಆರಂಭವಾದ ಅನ್ನಭಾಗ್ಯಕ್ಕೂ ಅದಿಲ್ಲ. ಆದರೆ ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು, ತೋಟಕ್ಕೆ ಆಳು ಸಿಗುತ್ತಿಲ್ಲ ಎಂಬ ಮಾತು ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಅಮೆರಿಕದಲ್ಲೂ ಷರತ್ತಿಗೆ ಮೊದಲು ಬಂದದ್ದು ಇಂಥ ಮಾತೇ. ಆಳು ಸಿಗದಿದ್ದರೆ ಕೂಲಿ ಸಾಲದು ಎಂದು ಅರ್ಥವಾಗಬಹುದು; ಹಸಿವು ಸಾಲದು ಎಂದು ಅರ್ಥ ಮಾಡುವವರು ತಮ್ಮ ಮಾತನ್ನು ತಾವೇ ಒಮ್ಮೆ ಕೇಳಿಸಿಕೊಳ್ಳಲಿ.

ಷರತ್ತಿಲ್ಲದಿದ್ದರೂ ಜರಡಿ ನಮ್ಮಲ್ಲೂ ಇದೆ. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದೂ ‘ಅಜ್ಜಿ, ನಿಮ್ಮ ಬೆರಳು ತಗೊಳ್ತಿಲ್ಲ’ ಎಂಬುದೂ ದಿನದ ಮಾತು. ಕಲ್ಲು ಹೊತ್ತು, ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳ ಗೆರೆಗಳು ಸವೆದುಹೋದವರನ್ನೇ ಯಂತ್ರ ಗುರುತು ಹಿಡಿಯುವುದಿಲ್ಲ. ದುಡಿದದ್ದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೊಂದಿಲ್ಲ. ಯಂತ್ರಕ್ಕೆ ಅದು ಓದಲು ಬಾರದು.

ಆದ್ದರಿಂದ ಸಭಿಕರಲ್ಲಿ ನನ್ನ ವಿನಂತಿ ಇಷ್ಟೇ. ಅನ್ನಕ್ಕೆ ದುಡಿಮೆಯ ಷರತ್ತು ಇರಲಿ ಎಂಬ ಮಾತು ನಾಳೆ ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಕೇಳಿಬಂದರೆ, ಹೌದು ಎನ್ನುವ ಮೊದಲೂ ಅಲ್ಲ ಎನ್ನುವ ಮೊದಲೂ, ಆ ಕೆಲಸ ಎಲ್ಲಿದೆ, ಅದನ್ನು ಕೊಡುವವರು ಯಾರು, ಗಂಟೆ ಎಣಿಸುವವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೆ ಆ ಅಜ್ಜಿಯ ಚೀಲಕ್ಕೆ ಅಕ್ಕಿ ಬೀಳುತ್ತಿರಲಿ.